ವರ್ಷಕ್ಕೊಂದು ಕ್ರೀಡಾಕೂಟ ಸಾಲದು, ವಾರಕ್ಕೆರಡು ಸಂಜೆ ಬೇಕು

ಅಕ್ಕನ ಮಗನಿಗೆ ಈಗ 26 ವರ್ಷ. ಹುಟ್ಟಿನಿಂದಲೇ ಬೌದ್ಧಿಕ ಅಂಗವೈಕಲ್ಯ ಇದೆ. 18 ತುಂಬುವವರೆಗೆ ಹುಬ್ಬಳ್ಳಿಯ ಒಂದು ವಿಶೇಷ ಶಾಲೆಗೆ ಹೋಗುತ್ತಿದ್ದ. ಬೆಳಿಗ್ಗೆ ಎಂಟೂವರೆಗೆ ವ್ಯಾನ್ ಬರುತ್ತಿತ್ತು. ಅಲ್ಲಿ ಓಟ ಇತ್ತು, ಚೆಂಡಾಟ ಇತ್ತು, ಜೊತೆಗೆ ಆಡುವವರಿದ್ದರು. 18 ಆಯಿತು, ವ್ಯಾನ್ ಬರುವುದು ನಿಂತಿತು. ಆಮೇಲೆ ಏಳು ವರ್ಷ ಅವನ ದಿನ ಅಂದರೆ ಟಿವಿ, ಮೊಬೈಲು, ಮನೆ ಮುಂದಿನ ಕಟ್ಟೆ. ತೂಕ ಹತ್ತಿರ ಹತ್ತಿರ 25 ಕೆ.ಜಿ. ಜಾಸ್ತಿಯಾಯಿತು. ಒಂದು ದಿನ ಅಕ್ಕ ಹೇಳಿದಳು: "ಇವಂಗ ರೊಕ್ಕಾನೂ ಬ್ಯಾಡ, ಔಷಧಾನೂ ಬ್ಯಾಡ. ಸಂಜೀಕೆ ಹೋಗಾಕ ಒಂದ್ ಜಾಗಾ ಬೇಕು ನೋಡು."

ಈ ಲೇಖನ ಆ ಜಾಗದ ಬಗ್ಗೆ.

ನಮ್ಮ ಕಡೆ ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಕ್ರೀಡೆ ಅಂದರೆ ಡಿಸೆಂಬರ್ 3 ಅಂತ ಆಗಿಬಿಟ್ಟಿದೆ. ವಿಶ್ವ ವಿಕಲಚೇತನರ ದಿನಾಚರಣೆ. ಶಾಮಿಯಾನ, ವೇದಿಕೆ, ಸನ್ಮಾನ, ಭಾಷಣ. ಬಿಸಿಲು ಏರಿದ ಮೇಲೆ 50 ಮೀಟರ್ ಓಟ, ಲಿಂಬು-ಚಮಚ, ಕುರ್ಚಿ ಆಟ. ಬಹುಮಾನಕ್ಕೆ ಸ್ಟೀಲ್ ಡಬ್ಬಿ. ಅವತ್ತು ಮಕ್ಕಳು ನಿಜವಾಗಿಯೂ ಖುಷಿಯಾಗಿರುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಡಿಸೆಂಬರ್ 4ರ ಸಂಜೆ ಅವರೆಲ್ಲಿರುತ್ತಾರೆ? ಹುಬ್ಬಳ್ಳಿ-ಧಾರವಾಡ ಇರಲಿ, ಗದಗ ಇರಲಿ, ಹಾವೇರಿ ಇರಲಿ, ಬಹುತೇಕರು ಮನೆಯಲ್ಲಿರುತ್ತಾರೆ. ವರ್ಷದ ಆ ಒಂದು ದಿನಕ್ಕೆ ನಾವು ಹಾಕುವ ದುಡ್ಡು ಮತ್ತು ಜನರನ್ನು ವರ್ಷದ ನೂರು ಸಂಜೆಗಳಿಗೆ ಹಂಚಿಕೊಳ್ಳಬೇಕು. ಪದಕ, ಮೆರವಣಿಗೆ, ಫೋಟೋ ಎಲ್ಲ ಅದಾದ ಮೇಲೆ.

ಮೊದಲು ಪದದ ವಿಷಯ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಬೌದ್ಧಿಕ ಅಂಗವೈಕಲ್ಯ ಅದರಲ್ಲೊಂದು. ಯೋಚಿಸುವುದು, ಕಲಿಯುವುದು, ಲೆಕ್ಕ ಹಾಕುವುದು ಇವೆಲ್ಲ ನಿಧಾನ. ಜೊತೆಗೆ ದಿನನಿತ್ಯದ ಕೆಲಸಗಳಲ್ಲೂ ಅಡಚಣೆ. ಎರಡೂ ಇರಬೇಕು. ಇದು ಮಾನಸಿಕ ಕಾಯಿಲೆ ಅಲ್ಲ. ಕಾಯ್ದೆಯ ಪಟ್ಟಿಯಲ್ಲೂ ಮಾನಸಿಕ ಅಸ್ವಸ್ಥತೆ ಬೇರೆಯೇ ಇದೆ. ಇಲ್ಲಿ ಎರಡನ್ನೂ ಕಲಸಿ 'ಹುಚ್ಚ' ಅಂದುಬಿಡುತ್ತೇವೆ. ಅಥವಾ ಪ್ರೀತಿಯಿಂದ 'ದೇವರ ಮಕ್ಕಳು' ಅನ್ನುತ್ತೇವೆ. ಎರಡನೆಯ ಮಾತು ಕೇಳೋದಕ್ಕೆ ಚೆಂದ. ಆದರೆ 40 ವರ್ಷದ ಗಂಡಸನ್ನು ಮಗು ಅಂದಮೇಲೆ ಅವನಿಗೆ ಬಲೂನು ಕೊಟ್ಟು ಕಳಿಸುತ್ತೇವೆಯೇ ಹೊರತು ತರಬೇತಿ ಕೊಡುವುದಿಲ್ಲ.

2011ರ ಜನಗಣತಿಯಲ್ಲಿ ದೇಶದಲ್ಲಿ ಇಂಥವರ ಸಂಖ್ಯೆ ಸುಮಾರು 15 ಲಕ್ಷ ಎಂದು ದಾಖಲಾಗಿದೆ. ಮನೆಗೆ ಬಂದ ಗಣತಿದಾರರ ಮುಂದೆ ಎಷ್ಟು ತಾಯಂದಿರು ಬಾಯಿಬಿಟ್ಟು ಹೇಳಿರುತ್ತಾರೆ ಅನ್ನುವುದು ಬೇರೆ ಮಾತು.

ಜಗತ್ತಿನಲ್ಲಿ ಇದು ಹೇಗೆ ಶುರುವಾಯಿತು ಅಂತ ನೋಡಿದರೆ ನಮಗೊಂದು ದಾರಿ ಸಿಗುತ್ತದೆ. ಅಮೆರಿಕದ ಯೂನಿಸ್ ಕೆನಡಿ ಶ್ರೈವರ್ ಅಧ್ಯಕ್ಷ ಕೆನಡಿಯವರ ತಂಗಿ. ಅವರ ಅಕ್ಕ ರೋಸ್‌ಮೇರಿಗೆ ಬೌದ್ಧಿಕ ಅಂಗವೈಕಲ್ಯ ಇತ್ತು. 1962ರ ಬೇಸಿಗೆಯಲ್ಲಿ ಯೂನಿಸ್ ಮೇರಿಲ್ಯಾಂಡ್‌ನ ತಮ್ಮ ಮನೆಯ ಹಿತ್ತಲಲ್ಲೇ ಇಂಥ ಮಕ್ಕಳಿಗೆ ಶಿಬಿರ ನಡೆಸಿದರು. ಈಜು, ಚೆಂಡು, ಓಟ. ಆರು ವರ್ಷದ ನಂತರ, 1968ರ ಜುಲೈನಲ್ಲಿ, ಷಿಕಾಗೋದ ಸೋಲ್ಜರ್ ಫೀಲ್ಡ್‌ನಲ್ಲಿ ಮೊದಲ ಸ್ಪೆಷಲ್ ಒಲಿಂಪಿಕ್ಸ್ ಆಯಿತು. ಸುಮಾರು ಸಾವಿರ ಮಂದಿ ಆಡಿದರು. ಇಲ್ಲಿ ಕ್ರಮ ಗಮನಿಸಿ. ಹಿತ್ತಲು ಮೊದಲು, ಸ್ಟೇಡಿಯಂ ಆಮೇಲೆ. ನಾವು ಮಾತ್ರ ಸ್ಟೇಡಿಯಂನಿಂದ ಶುರುಮಾಡಿ ಅಲ್ಲೇ ಮುಗಿಸುತ್ತಿದ್ದೇವೆ.

ನಮ್ಮ ದೇಶದಲ್ಲಿ ಈ ಕೆಲಸ ನೋಡಿಕೊಳ್ಳುವುದು ಸ್ಪೆಷಲ್ ಒಲಿಂಪಿಕ್ಸ್ ಭಾರತ್. 2023ರಲ್ಲಿ ಬರ್ಲಿನ್‌ನಲ್ಲಿ ನಡೆದ ವಿಶ್ವ ಕೂಟದಲ್ಲಿ ಭಾರತ 202 ಪದಕ ಗೆದ್ದಿತು. 76 ಚಿನ್ನ, 75 ಬೆಳ್ಳಿ, 51 ಕಂಚು. ಇಷ್ಟು ದೊಡ್ಡ ಸಂಖ್ಯೆ ಕೇಳಿ ಕೆಲವರು "ಎಲ್ಲರಿಗೂ ಕೊಡ್ತಾರೇನ್ರಿ ಪದಕ?" ಅಂತ ಕೇಳುತ್ತಾರೆ. ಇಲ್ಲ. ಅಲ್ಲಿನ ಲೆಕ್ಕವೇ ಬೇರೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಆಟಗಾರರನ್ನು ಗಂಡು-ಹೆಣ್ಣು, ವಯಸ್ಸು ಮತ್ತು ಸಾಮರ್ಥ್ಯ ನೋಡಿ ಸಣ್ಣ ಸಣ್ಣ ಗುಂಪು ಮಾಡುತ್ತಾರೆ. ಒಂದು ಗುಂಪಿನಲ್ಲಿ ಮೂರರಿಂದ ಎಂಟು ಜನ. ಮೊದಲು ಒಂದು ಪ್ರಾಥಮಿಕ ಸುತ್ತು ಓಡಿಸಿ ಸಮಯ ಬರೆದುಕೊಳ್ಳುತ್ತಾರೆ. ಒಂದೇ ಗುಂಪಿನ ಮುಂದಿನವನಿಗೂ ಹಿಂದಿನವನಿಗೂ ಸಾಮಾನ್ಯವಾಗಿ ಶೇ 15ಕ್ಕಿಂತ ಜಾಸ್ತಿ ಅಂತರ ಇರಬಾರದು ಎಂಬ ಅಳತೆ ಇದೆ. 100 ಮೀಟರನ್ನು 20 ಸೆಕೆಂಡಿನಲ್ಲಿ ಓಡುವವನ ಜೊತೆ 23 ಸೆಕೆಂಡಿನವನು ಓಡಬಹುದು, 35 ಸೆಕೆಂಡಿನವನು ಓಡುವುದಿಲ್ಲ. ಅವನಿಗೆ ಅವನ ಸರೀಕರ ಗುಂಪು. ಮೊದಲ ಸುತ್ತಿನಲ್ಲಿ ಬೇಕಂತಲೇ ನಿಧಾನ ಓಡಿ ಫೈನಲ್‌ನಲ್ಲಿ ಮಿಂಚಿದರೆ ಅನರ್ಹ. ನಮ್ಮ ಕುಸ್ತಿ ಅಖಾಡದಲ್ಲಿ ಜೋಡಿ ಕಟ್ಟುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಸರಿಜೋಡಿ ಇಲ್ಲದೆ ಕುಸ್ತಿ ಹಿಡಿಸಿದರೆ ಆಡುವವನಿಗೂ ಸುಖವಿಲ್ಲ, ನೋಡುವವನಿಗೂ ಸುಖವಿಲ್ಲ.

ಪ್ಯಾರಾಲಿಂಪಿಕ್ಸ್ ದಾರಿ ಇನ್ನೊಂದು. ಅದು ಪೂರ್ತಿ ಗೆಲುವು-ಸೋಲಿನ ಕ್ರೀಡೆ. ಅಲ್ಲಿ ಈ ಆಟಗಾರರಿಗೆ ಒಂದು ದೊಡ್ಡ ಅನ್ಯಾಯವೂ ಆಗಿದೆ. 2000ದ ಸಿಡ್ನಿ ಕೂಟದಲ್ಲಿ ಸ್ಪೇನ್‌ನ ಬ್ಯಾಸ್ಕೆಟ್‌ಬಾಲ್ ತಂಡ ಚಿನ್ನ ಗೆದ್ದಿತು. ಆಮೇಲೆ ಗೊತ್ತಾಯಿತು, 12 ಆಟಗಾರರಲ್ಲಿ 10 ಮಂದಿಗೆ ಬೌದ್ಧಿಕ ಅಂಗವೈಕಲ್ಯವೇ ಇರಲಿಲ್ಲ. ಮೋಸ ಮಾಡಿದವರು ಬೇರೆ, ಶಿಕ್ಷೆ ಅನುಭವಿಸಿದವರು ಬೇರೆ. ಈ ವಿಭಾಗವನ್ನೇ ತೆಗೆದುಹಾಕಿದರು. 2012ರ ಲಂಡನ್ ಕೂಟದಲ್ಲಿ ಅಥ್ಲೆಟಿಕ್ಸ್, ಈಜು, ಟೇಬಲ್ ಟೆನಿಸ್‌ಗೆ ಮಾತ್ರ ಮತ್ತೆ ಬಾಗಿಲು ತೆರೆಯಿತು. ಆ ಬಾಗಿಲಿನಿಂದಲೇ ನಮ್ಮ ನೆರೆಯ ತೆಲಂಗಾಣದ ದೀಪ್ತಿ ಜೀವಾಂಜಿ ಒಳಗೆ ಹೋದದ್ದು. 2024ರ ಪ್ಯಾರಿಸ್‌ನಲ್ಲಿ 400 ಮೀಟರ್ ಟಿ20 (ಬೌದ್ಧಿಕ ಅಂಗವೈಕಲ್ಯ ಇರುವವರ) ವಿಭಾಗದ ಓಟವನ್ನು 55.82 ಸೆಕೆಂಡಿನಲ್ಲಿ ಮುಗಿಸಿ ಕಂಚು ತಂದರು. ವಾರಂಗಲ್ ಕಡೆಯ ಒಂದು ಹಳ್ಳಿಯ ಬಡ ಮನೆಯ ಹುಡುಗಿ. ಊರವರ ಚುಚ್ಚುಮಾತು ಕೇಳಿಕೊಂಡೇ ಬೆಳೆದವಳು. ಶಾಲೆಯ ಮೈದಾನದಲ್ಲಿ ಅವಳ ಓಟ ಒಬ್ಬರ ಕಣ್ಣಿಗೆ ಬಿದ್ದದ್ದಕ್ಕೆ ಇದೆಲ್ಲ ಆಯಿತು. ರೋಣದಲ್ಲೋ ಹಾನಗಲ್ಲಿನಲ್ಲೋ ಇಂಥ ಓಟಗಾರ್ತಿ ಇದ್ದರೆ ಯಾರ ಕಣ್ಣಿಗೆ ಬೀಳಬೇಕು? ಅವಳು ಮೈದಾನಕ್ಕೆ ಬಂದರೆ ತಾನೆ?

ನಮ್ಮ ಶನಿವಾರಗಳು

ಹೋದ ವರ್ಷದಿಂದ ನಾವು ಆರು ಮನೆಯವರು ಸೇರಿ ಹುಬ್ಬಳ್ಳಿಯ ಒಂದು ಕಾಲೇಜು ಮೈದಾನದ ಮೂಲೆಯಲ್ಲಿ ಬುಧವಾರ ಮತ್ತು ಶನಿವಾರ ಸಂಜೆ ಸೇರುತ್ತೇವೆ. ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ) ಓದುವ ಇಬ್ಬರು ಬರುತ್ತಾರೆ, ಒಬ್ಬ ಹುಡುಗ, ಒಬ್ಬಳು ಹುಡುಗಿ. ಆಟಕ್ಕೆ ಬರುವವರು ಒಂಬತ್ತು ಮಂದಿ. ಚಿಕ್ಕವಳಿಗೆ 14, ದೊಡ್ಡವರಿಗೆ 41.

ನಾವು ಆಡುವ ಮುಖ್ಯ ಆಟ ಬೊಚ್ಚಿ. ಇದು ಸ್ಪೆಷಲ್ ಒಲಿಂಪಿಕ್ಸ್‌ನ ಅಧಿಕೃತ ಆಟ. ಒಂದು ಸಣ್ಣ ಚೆಂಡನ್ನು ದೂರ ಉರುಳಿಸುವುದು. ಆಮೇಲೆ ಎರಡೂ ಕಡೆಯವರು ನಾಲ್ಕು ನಾಲ್ಕು ದೊಡ್ಡ ಚೆಂಡು ಬಿಡುವುದು. ಸಣ್ಣ ಚೆಂಡಿಗೆ ಯಾರ ಚೆಂಡು ಹತ್ತಿರವೋ ಅವರಿಗೆ ಅಂಕ. ಗೋಲಿ ಆಡಿದವರಿಗೆ ಹೇಳಿಕೊಡುವುದೇ ಬೇಡ. ಅಂಕಣ 60 ಅಡಿ ಉದ್ದ, 12 ಅಡಿ ಅಗಲ. ಸುಣ್ಣದ ಗೆರೆ ಎಳೆದರೆ ಆಯಿತು. ಓಡಲಾರದವರೂ ಆಡಬಹುದು, ವೀಲ್‌ಚೇರ್‌ನಲ್ಲಿ ಕೂತವರೂ ಆಡಬಹುದು. ಅಸಲಿ ಚೆಂಡುಗಳಿಗೆ ದುಡ್ಡು ಜಾಸ್ತಿ. ಅದಕ್ಕೆ ನಾವು ಮೊದಲು ಹಳೆ ಜೀನ್ಸ್ ಪ್ಯಾಂಟಿನ ಬಟ್ಟೆಯಲ್ಲಿ ಮರಳು ತುಂಬಿ ಹೊಲಿಸಿಕೊಂಡೆವು. ಮರಳಿನ ಚೆಂಡು ಬಿದ್ದಲ್ಲೇ ನಿಲ್ಲುತ್ತದೆ, ಕಲಿಯುವವರಿಗೆ ಅದು ಅನುಕೂಲವೂ ಆಯಿತು.

ಅಕ್ಕನ ಮಗ ಚೆಂಡು ಬಿಡುವುದನ್ನು ಕಲಿತ ರೀತಿ ಹೇಳುತ್ತೇನೆ. ಮೊದಲ ದಿನ ಅವನು ಚೆಂಡನ್ನು ಎದೆಗವಚಿಕೊಂಡು ನಿಂತುಬಿಟ್ಟ. "ಒಗಿ, ಒಗಿ" ಅಂತ ನಾವು ಐದಾರು ಮಂದಿ ಒಟ್ಟಿಗೆ ಕೂಗಿದೆವು. ಅವನು ಕಿವಿ ಮುಚ್ಚಿಕೊಂಡು ಕೂತ. ಬಿ.ಪಿ.ಎಡ್. ಹುಡುಗ ನಮ್ಮನ್ನೆಲ್ಲ ದೂರ ಕಳಿಸಿದ. ಒಬ್ಬನೇ ಅವನ ಪಕ್ಕ ನಿಂತು, "ಅಣ್ಣಾ, ನನ್ನ ಕಾಲು ನೋಡ್ರಿ" ಅಂದ. ಎಡಗಾಲು ಮುಂದಿಟ್ಟು ತೋರಿಸಿದ. ಅವತ್ತು ಅಷ್ಟೇ ಪಾಠ. ಎರಡನೆಯ ವಾರ ಕೈ ಹಿಂದೆ ಒಯ್ಯುವುದು. ಹಿಂದಿನಿಂದ ಅವನ ಮುಂಗೈ ಹಿಡಿದು ಗಡಿಯಾರದ ಲೋಲಕದ ಹಾಗೆ ತೂಗಿದ. ಮೂರನೆಯ ವಾರ ಚೆಂಡು ಬಿಡುವುದು. ಹತ್ತಡಿ ದೂರದಲ್ಲಿ ಕೆಂಪು ರಿಂಗ್ ಇಟ್ಟು "ಆ ಕೆಂಪದರಾಗ" ಅಂದ. ಬಿಡುವ ಕ್ಷಣ ಹಿಡಿತ ಸಡಿಲಿಸಬೇಕು, ಅದೇ ಕಷ್ಟ. ಸುಮಾರು ಎಪ್ಪತ್ತು ಸಲ ಚೆಂಡು ಅವನ ಕಾಲ ಬುಡದಲ್ಲೇ ಬಿತ್ತು. ಎರಡು ತಿಂಗಳಾದ ಮೇಲೆ ಒಂದು ಬುಧವಾರ ಕೆಂಪು ರಿಂಗಿನೊಳಗೆ ಬಿತ್ತು. ಅವನು ಚಪ್ಪಾಳೆ ಹೊಡೆಯಲಿಲ್ಲ, ಕುಣಿಯಲೂ ಇಲ್ಲ. ಹೋಗಿ ಚೆಂಡು ಎತ್ತಿಕೊಂಡು ಬಂದು ಮತ್ತೆ ಅದೇ ಗೆರೆಯ ಮೇಲೆ ಎಡಗಾಲು ಇಟ್ಟ.

ಒಂದು ಸಲಕ್ಕೆ ಒಂದೇ ಮಾತು, ಹೇಳುವುದಕ್ಕಿಂತ ತೋರಿಸುವುದು, ಅದೇ ಜಾಗ, ಅದೇ ಹೊತ್ತು, ಅದೇ ಮುಖಗಳು. ತರಬೇತಿಯ ಗುಟ್ಟು ಇಷ್ಟೇ. ಇದರಲ್ಲಿ ಯಾವುದೂ ವರ್ಷಕ್ಕೊಮ್ಮೆ ಆಗುವ ಕೆಲಸವಲ್ಲ. ಸ್ಪೆಷಲ್ ಒಲಿಂಪಿಕ್ಸ್ ಕೂಡ ಸ್ಪರ್ಧೆಗೆ ಮುಂಚೆ ಕನಿಷ್ಠ ಎಂಟು ವಾರ ತರಬೇತಿ ಆಗಿರಬೇಕು ಅನ್ನುತ್ತದೆ. ಮತ್ತೊಂದು ಮಾತು. 'ಅಣ್ಣಾ' ಅಂತ ಅವನನ್ನು ಕರೆದದ್ದು ಅವನ ಜೀವನದಲ್ಲೇ ಅದು ಮೊದಲ ಸಲ ಇರಬೇಕು. ನಾವು ಮನೆಯವರು ಅವತ್ತಿನವರೆಗೂ 'ಪುಟ್ಯಾ' ಅನ್ನುತ್ತಿದ್ದೆವು. ಈಗ ಬಿಟ್ಟಿದ್ದೇವೆ.

ನಮ್ಮ ಗುಂಪಿನಲ್ಲಿ ಒಬ್ಬಳು ಹುಡುಗಿ ಚೆಂಡು ಹಿಡಿಯುತ್ತಲೇ ಇರಲಿಲ್ಲ. ಎದುರಿಗೆ ಬಂದ ಚೆಂಡಿಗೂ ಕೈ ಚಾಚುತ್ತಿರಲಿಲ್ಲ. 'ಅವಳಿಗೆ ತಿಳಿಯಂಗಿಲ್ಲ' ಅಂತ ಅವಳ ತಾಯಿಯೇ ಹೇಳುತ್ತಿದ್ದರು. ಕಣ್ಣು ಪರೀಕ್ಷೆ ಮಾಡಿಸಿದಾಗ ಎರಡೂ ಕಣ್ಣಿಗೆ ದೊಡ್ಡ ನಂಬರಿನ ಕನ್ನಡಕ ಬೇಕಾಗಿತ್ತು. ಹದಿನಾಲ್ಕು ವರ್ಷ ಆ ಹುಡುಗಿ ಮಬ್ಬು ಜಗತ್ತನ್ನು ನೋಡುತ್ತಿದ್ದಳು. ಎಲ್ಲರೂ ಬುದ್ಧಿಯ ಮೇಲೆ ಹಾಕಿ ಸುಮ್ಮನಿದ್ದರು. ಇದು ಒಂದು ಮನೆಯ ಕಥೆಯಲ್ಲ. ಇವರ ಕಣ್ಣು, ಕಿವಿ, ಹಲ್ಲು, ಪಾದದ ತೊಂದರೆಗಳು ಎಲ್ಲ ಕಡೆಯೂ ಹೀಗೇ ಮುಚ್ಚಿಹೋಗುತ್ತವೆ. ನೋವಾಗುತ್ತದೆ ಅಂತ ಬಿಡಿಸಿ ಹೇಳಲು ಅವರಿಗೆ ಬರುವುದಿಲ್ಲ. ಸ್ಪೆಷಲ್ ಒಲಿಂಪಿಕ್ಸ್ 1997ರಿಂದ ಕೂಟಗಳ ಜೊತೆಗೇ ಆರೋಗ್ಯ ತಪಾಸಣೆ ಇಟ್ಟುಕೊಂಡಿರುವುದು ಇದಕ್ಕೇ. ಮೈದಾನ ಅಂದರೆ ಆಟದ ಜಾಗ ಮಾತ್ರವಲ್ಲ, ಯಾರಾದರೂ ಇವರನ್ನು ನೆಟ್ಟ ಕಣ್ಣಿನಿಂದ ನೋಡುವ ಜಾಗ.

ಎಚ್ಚರಿಕೆಯ ಎರಡು ಮಾತು. ಹುಟ್ಟಿನಿಂದಲೇ ಬರುವ ಡೌನ್ ಸಿಂಡ್ರೋಮ್ ಇರುವ ಕೆಲವರಿಗೆ ಕತ್ತಿನ ಮೇಲ್ತುದಿಯ ಎರಡು ಮೂಳೆಗಳ ನಡುವಿನ ಕೀಲು ಸಡಿಲ ಇರುತ್ತದೆ. ಲಾಗ ಹಾಕುವುದು, ತಲೆಯಿಂದ ಚೆಂಡು ಹೊಡೆಯುವುದು, ನೀರಿಗೆ ತಲೆಕೆಳಗಾಗಿ ಧುಮುಕುವುದು ಅವರಿಗೆ ಅಪಾಯ. ಆಟಕ್ಕೆ ಮುಂಚೆ ವೈದ್ಯರಿಗೆ ತೋರಿಸಲೇಬೇಕು. ಹಾಗೆಯೇ ಬೌದ್ಧಿಕ ಅಂಗವೈಕಲ್ಯ ಇರುವ ಹಲವರಿಗೆ ಫಿಟ್ಸ್ ಇರುತ್ತದೆ. ಮೈದಾನದಲ್ಲಿ ಫಿಟ್ಸ್ ಬಂದರೆ ನಮ್ಮ ಕಡೆ ಕೈಗೆ ಕೀಲಿಕೈ ಹಿಡಿಸುತ್ತಾರೆ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಾರೆ. ಇದರಿಂದ ಏನೂ ಆಗುವುದಿಲ್ಲ. ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ತುರುಕದೆ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ. ಗುಳಿಗೆಯ ಚೀಟಿ ಪ್ರತಿಯೊಬ್ಬರ ಜೇಬಿನಲ್ಲಿರಲಿ.

ಆಟದಿಂದ ಬುದ್ಧಿ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆ ಹೇಳಿ ದುಡ್ಡು ಕೀಳುವವರೂ ಇದ್ದಾರೆ. ಆಗುವುದು ಬೇರೆ. ಸಾಲಿನಲ್ಲಿ ನಿಲ್ಲುವುದು, ತನ್ನ ಪಾಳಿಗೆ ಕಾಯುವುದು, ಶೂ ಕಟ್ಟುವುದು, ಬಾಟಲಿಗೆ ತಾನೇ ನೀರು ತುಂಬಿಕೊಳ್ಳುವುದು. ರಾತ್ರಿ ಗಾಢ ನಿದ್ದೆ. ಅಕ್ಕನ ಮಗನ ಸಿಟ್ಟು ಕಡಿಮೆಯಾಗಿದೆ, ಆರು ಕೆ.ಜಿ. ಇಳಿದಿದ್ದಾನೆ. ಅಕ್ಕನಿಗೆ ವಾರದಲ್ಲಿ ಎರಡು ಸಂಜೆ ಮೈದಾನದ ಮೆಟ್ಟಿಲ ಮೇಲೆ ಕೂತು ಬೇರೆ ತಾಯಂದಿರ ಜೊತೆ ಮಾತಾಡಲು ಸಿಗುತ್ತದೆ. ನನಗಂತೂ ಇದು ಚೆಂಡಿನಷ್ಟೇ ದೊಡ್ಡದು ಅನ್ನಿಸಿದೆ.

ಹಾಗಾದರೆ ಅಡ್ಡಿ ಏನು?

ಮೈದಾನದ ಕೊರತೆ ಅಲ್ಲ. ಧಾರವಾಡದಲ್ಲಿ ಆರ್.ಎನ್. ಶೆಟ್ಟಿ ಕ್ರೀಡಾಂಗಣ ಇದೆ, ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರ ಇದೆ. ಹುಬ್ಬಳ್ಳಿಯಲ್ಲಿ ನೆಹರೂ ಮೈದಾನ ಇದೆ. ಹಾವೇರಿಯಲ್ಲಿ ಹೊಸಮನಿ ಸಿದ್ದಪ್ಪ ಜಿಲ್ಲಾ ಕ್ರೀಡಾಂಗಣ, ಗದಗದಲ್ಲಿ ಜಿಲ್ಲಾ ಕ್ರೀಡಾಂಗಣ. ಕಾನೂನಿನ ಕೊರತೆಯೂ ಅಲ್ಲ. 2016ರ ಕಾಯ್ದೆಯ 30ನೇ ಕಲಂ ಪೂರ್ತಿ ಕ್ರೀಡೆಗೇ ಮೀಸಲು. ಕ್ರೀಡಾ ಚಟುವಟಿಕೆಗಳಲ್ಲಿ ಪಾಲ್ಗೊಳ್ಳುವುದು ಇವರ ಹಕ್ಕು, ತರಬೇತಿಗೂ ಸೌಲಭ್ಯಕ್ಕೂ ಹಣ ಇಡಬೇಕು ಎಂದು ಅದು ಸರ್ಕಾರಕ್ಕೂ ಕ್ರೀಡಾ ಪ್ರಾಧಿಕಾರಗಳಿಗೂ ಹೇಳುತ್ತದೆ. ಗ್ರಾಮ ಪಂಚಾಯಿತಿಯಿಂದ ಮಹಾನಗರ ಪಾಲಿಕೆಯವರೆಗೆ ಸ್ಥಳೀಯ ಸಂಸ್ಥೆಗಳು ವಿಕಲಚೇತನರಿಗೆ ಅಂತ ಶೇ 5ರಷ್ಟು ಹಣ ತೆಗೆದಿಡುವ ಪದ್ಧತಿಯೂ ನಮ್ಮ ರಾಜ್ಯದಲ್ಲಿದೆ. ಅದು ಹೆಚ್ಚಾಗಿ ಸಾಧನ-ಸಲಕರಣೆಗೆ ಹೋಗುತ್ತದೆ. ತ್ರಿಚಕ್ರ ವಾಹನ ಬೇಕಾದವರಿಗೆ ಸಿಗಲಿ, ಸಂತೋಷ. ಆದರೆ ಬೌದ್ಧಿಕ ಅಂಗವೈಕಲ್ಯ ಇರುವವನಿಗೆ ವಾಹನಕ್ಕಿಂತ ಜಾಸ್ತಿ ಬೇಕಾದದ್ದು ಜೊತೆಗೆ ನಿಲ್ಲುವ ಒಬ್ಬ ಮನುಷ್ಯ. ಇಬ್ಬರು ತರಬೇತುದಾರರ ಗೌರವಧನ, ಸುಣ್ಣ, ಚೆಂಡು, ನೀರಿನ ಕ್ಯಾನು. ಒಂದು ವಾರ್ಡಿಗೆ ಇದು ದೊಡ್ಡ ಮೊತ್ತವಲ್ಲ.

ನಿಜವಾದ ಅಡ್ಡಿ ಮನೆಯಿಂದ ಮೈದಾನದವರೆಗಿನ ದಾರಿ. ಕರೆದುಕೊಂಡು ಬರುವವರು ಯಾರು? ನಮ್ಮ ಗುಂಪಿನಲ್ಲಿ ಒಂಬತ್ತಕ್ಕೆ ಎಂಟು ಮಂದಿಯ ಜೊತೆ ಬರುವುದು ತಾಯಿ. ತಂದೆ ಒಬ್ಬರೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾದಾ ಬಸ್ಸಿನಲ್ಲಿ ತಾಯಿ ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ. ಮಗನಿಗೆ ವಿಕಲಚೇತನರ ರಿಯಾಯಿತಿ ಪಾಸ್ ಇದೆ. ಇಷ್ಟಾದರೂ ಒಬ್ಬ ತಾಯಿ ಬರುವುದು ನಿಲ್ಲಿಸಿದ್ದರು. ಬಸ್ಸಿನಲ್ಲಿ ಮಗ ಜೋರಾಗಿ ನಗುತ್ತಾನೆ, ಜನ ತಿರುಗಿ ನೋಡುತ್ತಾರೆ, ಯಾರೋ ಒಬ್ಬರು "ಇಂಥವ್ರನ್ನ ಯಾಕ ಕರ್ಕೊಂಡ್ ಅಡ್ಡಾಡ್ತೀರಿ?" ಅಂದರಂತೆ. ಮೂರು ವಾರ ಅವರು ಬರಲಿಲ್ಲ. ಅಕ್ಕನೇ ಅವರ ಮನೆಗೆ ಹೋಗಿ, ಅದೇ ಬಸ್ಸಿಗೆ ಇಬ್ಬರೂ ಒಟ್ಟಿಗೆ ಹತ್ತೋಣ ಅಂತ ಹೇಳಿ ಕರೆತಂದಳು.

ಹುಡುಗಿಯರದು ಇನ್ನೂ ಕಷ್ಟ. ದೊಡ್ಡವಳಾದ ಮೇಲೆ ಹೊರಗೆ ಕಳಿಸುವುದಕ್ಕೇ ಹೆದರುತ್ತಾರೆ. ಆ ಹೆದರಿಕೆ ಸುಳ್ಳಲ್ಲ. ಅದಕ್ಕೆ ಉತ್ತರ ಧೈರ್ಯದ ಮಾತಲ್ಲ, ವ್ಯವಸ್ಥೆ. ಒಬ್ಬಳು ಮಹಿಳಾ ತರಬೇತುದಾರಳು ಇರಲೇಬೇಕು. ಬೀಗ ಹಾಕದ, ಚಿಲಕ ಸರಿಯಿರುವ ಶೌಚಾಲಯ ಬೇಕು. ಯಾರನ್ನೂ ಯಾರ ಜೊತೆಗೂ ಒಂಟಿಯಾಗಿ ಬಿಡುವುದಿಲ್ಲ ಅನ್ನುವ ನಿಯಮ ಬೇಕು. ನಮ್ಮಲ್ಲಿ ಒಂಬತ್ತರಲ್ಲಿ ಹುಡುಗಿಯರು ಇಬ್ಬರೇ. ಬಿ.ಪಿ.ಎಡ್. ಹುಡುಗಿ ಬರದಿದ್ದ ಬುಧವಾರ ಅವರಿಬ್ಬರೂ ಬರುವುದಿಲ್ಲ. ಲೆಕ್ಕ ಅಷ್ಟು ಸೀದಾ ಇದೆ.

ಓಣಿಯ ಹುಡುಗರ ವಿಷಯವೂ ಇದೆ. ಯೂನಿಫೈಡ್ ಕ್ರೀಡೆ ಅಂತ ಒಂದು ಪದ್ಧತಿ. ಅಂಗವೈಕಲ್ಯ ಇರುವವರು, ಇಲ್ಲದವರು ಒಂದೇ ತಂಡದಲ್ಲಿ ಆಡುವುದು. ಐದು ಜನರ ಫುಟ್‌ಬಾಲ್‌ನಲ್ಲಿ ಮೂವರು ಇವರು, ಇಬ್ಬರು ಜೊತೆಗಾರರು. ನಾವು ಪಕ್ಕದಲ್ಲಿ ಕ್ರಿಕೆಟ್ ಆಡುವ ಹುಡುಗರನ್ನು ಕರೆದೆವು. ಮೊದಲು ಬೇಕಂತಲೇ ಸೋತುಕೊಟ್ಟರು. ನಮ್ಮವರಿಗೆ ಅದು ತಕ್ಷಣ ಗೊತ್ತಾಯಿತು. 41 ವರ್ಷದ ಹಿರಿಯರು ಚೆಂಡು ಕೆಳಗಿಟ್ಟು "ಸುಳ್ಳಾಟ" ಅಂದರು. ಅವತ್ತಿನಿಂದ ಆ ಹುಡುಗರು ನಿಜವಾಗಿ ಆಡುತ್ತಾರೆ, ಬೊಚ್ಚಿಯಲ್ಲಿ ಆಗಾಗ ನಿಜವಾಗಿ ಸೋಲುತ್ತಾರೆ.

ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಹುಬ್ಬಳ್ಳಿಯ ಕೆಎಂಸಿ-ಆರ್‌ಐ (ಮೊದಲಿನ ಕಿಮ್ಸ್) ಆಸ್ಪತ್ರೆಗೆ ಅಂಗವೈಕಲ್ಯದ ಪ್ರಮಾಣಪತ್ರಕ್ಕಾಗಿ ಸುತ್ತಮುತ್ತಲ ಜಿಲ್ಲೆಗಳ ಮನೆಯವರು ಬರುತ್ತಾರೆ. ಬುದ್ಧಿಯ ಅಳತೆ ಆಗುತ್ತದೆ, ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡ್ ಬರುತ್ತದೆ, ಮಾಸಾಶನಕ್ಕೆ ಅರ್ಜಿ ಹೋಗುತ್ತದೆ. ಆ ಕಾಗದದ ಜೊತೆಗೇ ಇನ್ನೊಂದು ಚೀಟಿ ಸಿಗಬೇಕು: ನಿಮ್ಮ ಊರಿಗೆ ಹತ್ತಿರದ ಮೈದಾನ ಇದು, ವಾರ ಇಂಥದ್ದು, ಹೊತ್ತು ಇಷ್ಟು. ಹಳ್ಳಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ಅವರಿಗೆ ಗೊತ್ತು. ಬಿ.ಪಿ.ಎಡ್. ವಿದ್ಯಾರ್ಥಿಗಳಿಗೆ ಈ ಸಂಜೆಗಳನ್ನೇ ಕಲಿಕೆಯ ಭಾಗ ಮಾಡಿದರೆ ತರಬೇತುದಾರರ ಕೊರತೆಯೂ ತಕ್ಕಮಟ್ಟಿಗೆ ನೀಗುತ್ತದೆ. ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಗೆ ಎಂಟು ವರ್ಷ ತುಂಬಿದರೆ ಸಾಕು, ಮೇಲಿನ ಮಿತಿಯೇ ಇಲ್ಲ. ನಮ್ಮ ವಿಶೇಷ ಶಾಲೆಗಳ ಬಾಗಿಲು ಮುಚ್ಚುವ ವಯಸ್ಸಿನಲ್ಲಿ ಮೈದಾನದ ಬಾಗಿಲು ತೆರೆದಿರಬೇಕು. ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಇದು ಅನ್ನುವುದು ನನ್ನ ಮಾತು.

ಈಗ ನಮಗೆ ಮಳೆಯ ಚಿಂತೆ. ಜೂನ್ ಬಂತೆಂದರೆ ಈ ಕಡೆಯ ಜಿಟಿಜಿಟಿ ಮಳೆ ಗೊತ್ತಲ್ಲ. ಮೈದಾನದ ಮೂಲೆ ರಾಡಿಯಾಗುತ್ತದೆ, ಸುಣ್ಣದ ಗೆರೆ ನಿಲ್ಲುವುದಿಲ್ಲ. ಹೋದ ಮಳೆಗಾಲದಲ್ಲಿ ಐದು ವಾರ ಆಟ ನಿಂತುಹೋಯಿತು. ಕಲಿತದ್ದು ಅರ್ಧ ಮರೆತರು, ಇಬ್ಬರು ಮತ್ತೆ ಬರಲೇ ಇಲ್ಲ. ಅಕ್ಕ ಒಂದು ಉಪಾಯ ಹೇಳಿದ್ದಾಳೆ. ಆಷಾಢದಲ್ಲಿ ಮದುವೆ ಇಲ್ಲ, ಕಲ್ಯಾಣ ಮಂಟಪಗಳೆಲ್ಲ ಖಾಲಿ. ಊಟದ ಹಾಲ್ 60 ಅಡಿ ಇದ್ದೇ ಇರುತ್ತದೆ. ಮೂರು ಕಡೆ ಕೇಳಿದ್ದೇವೆ. ಎರಡು ಕಡೆ ಬಾಡಿಗೆ ಹೇಳಿದರು. ಮೂರನೆಯವರು "ಹುಡುಗೂರನ್ನ ಕರ್ಕೊಂಡ್ ಬರ್ರಿ, ಮೊದಲ ಆಟ ನೋಡೂಣು" ಅಂದಿದ್ದಾರೆ. ಬರುವ ಶನಿವಾರ ಮರಳಿನ ಚೆಂಡು ತೆಗೆದುಕೊಂಡು ಅಲ್ಲಿಗೆ ಹೋಗುತ್ತಿದ್ದೇವೆ.